ಅಕ್ಕ ತಡೆದು ನಿಲ್ಲಿಸಿದ ಪ್ಯಾಚ್

ಆ ಭಾನುವಾರ ಮಧ್ಯಾಹ್ನ ಹರಿಹರದ ಅಕ್ಕನ ಮನೆಯಲ್ಲಿ ನಾವಿಬ್ಬರೂ ಎಂದಿನಂತೆ ಕೆಲಸಕ್ಕೆ ಕೂತಿದ್ದೆವು. ಕರ್ನಲ್‌ಗೆ, ಅಂದರೆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಕೋಡ್‌ಗೆ, ಬೇರೆಯವರು ಕಳಿಸುವ ತಿದ್ದುಪಡಿಗಳನ್ನು, ಅಂದರೆ ಪ್ಯಾಚ್‌ಗಳನ್ನು, ಸೇರಿಸುವ ಮೊದಲು ಓದಿ ತಪ್ಪು ಹುಡುಕುವುದು ಅಕ್ಕನ ಕೆಲಸ. ಡಿಪ್ಲೊಮಾ ಮಾಡಿದ ನನಗೆ ಅದನ್ನು ಕಲಿಸಿದವಳೂ ಅವಳೇ. ಅವತ್ತಿನ ಪ್ಯಾಚ್ ವರ್ಚುವಲ್ ಸ್ವಿಚ್‌ನದು; ಜಾಲದಲ್ಲಿ ಓಡಾಡುವ ಮಾಹಿತಿಯ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಸರಿಯಾದ ಕಡೆ ಕಳಿಸುವ ಕೋಡ್ ಅದು. ಅದರಲ್ಲೂ ಯಾವ ಪ್ಯಾಕೆಟ್ ಯಾವ ಸಂಪರ್ಕಕ್ಕೆ ಸೇರಿದ್ದೆಂದು ನೆನಪಿಡುವ ಭಾಗ.

ನಾನು ಗಟ್ಟಿಯಾಗಿ ಓದುತ್ತಿದ್ದೆ. ಅಕ್ಕ ಪರದೆಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಳು. ಕೋಡ್ ಮೆಮೊರಿಯಲ್ಲಿ ಏನನ್ನಾದರೂ ಹಿಡಿದುಕೊಂಡರೆ ಒಂದು ಹುಣಸೆ ಬೀಜ ಇಡುವಳು, ಬಿಟ್ಟರೆ ಎತ್ತುವಳು. ಕೊನೆಗೆ ಬೀಜ ಉಳಿದರೂ ತಪ್ಪು, ಎತ್ತಲು ಬೀಜವೇ ಇಲ್ಲದಿದ್ದರೂ ತಪ್ಪು.

"ಲೇ, ರೈಲು ಬಿಟ್ಟಂಗೆ ಓದಬ್ಯಾಡ."

"ನಿನ್ನ ಕೈಗೆ ವಯಸ್ಸಾಗೈತೆ ಅನ್ನು."

"ಆಗ್ಲಿ ಬಿಡು. ನಿನ್ನ ತಲೆಗೆ ಇನ್ನೂ ಆಗಿಲ್ಲ."

ಅರ್ಧಕ್ಕೂ ಮೊದಲೇ ಅವಳ ಕೈ ನಿಂತಿತು. "ಇದ್ರಾಗೆ ಏನೋ ತಪ್ಪೈತೆ. ನಾಳೆ ಹೇಳ್ತೀನಿ ತಡಿ." ಅಷ್ಟರಲ್ಲಿ ಭಾವ ಬಟ್ಟೆ ಅಂಗಡಿಯಿಂದ ಊಟಕ್ಕೆ ಬಂದರು. ಇದನ್ನು ಸೇರಿಸಬೇಡಿ, ಕಾರಣ ಆಮೇಲೆ ತಿಳಿಸುತ್ತೇನೆ ಎಂದು ಮೇಲ್ ಕಳಿಸಿ ಅಕ್ಕ ಎದ್ದಳು. ಸಂಜೆ ನಾನು ದಾವಣಗೆರೆಗೆ ಮರಳಿದೆ.

ಬೆಳಿಗ್ಗೆ ಭಾವನ ಫೋನ್ ಬಂತು. ಅಕ್ಕನ ಹೃದಯ ನಿಂತುಹೋಗಿತ್ತು.

ಆ ವಾರವೇ ಪ್ಯಾಚ್ ಸೇರಿಸುವವರು ಅಕ್ಕನಿಗೂ ನನಗೂ ಬರೆದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಶುಕ್ರವಾರ ಸಂಜೆಯೊಳಗೆ ಕಾರಣ ಬಾರದಿದ್ದರೆ ಸೇರಿಸುತ್ತೇವೆ ಎಂದಿದ್ದರು. ಸಾವಿನ ಸುದ್ದಿ ತಿಳಿಸಿ ಸಮಯ ಕೇಳಬಹುದಿತ್ತು. ನನಗೆ ಅದನ್ನು ಬರೆಯಲಾಗಲಿಲ್ಲ. ಅಕ್ಕನ ಕೊನೆಯ ಮಾತು ಸುಮ್ಮನೆ ಅಂದದ್ದಾಗಿ ಉಳಿಯಬಾರದು ಎಂಬುದೊಂದೇ ತಲೆಯಲ್ಲಿತ್ತು.

ಪಿ.ಜೆ. ಬಡಾವಣೆಯ ನನ್ನ ಕೋಣೆಯಲ್ಲಿ ಒಬ್ಬನೇ ಓದಿದೆ, ಬೀಜವನ್ನೂ ನಾನೇ ಇಟ್ಟೆ. ಮುಂದಿನ ಸಾಲು ಕಣ್ಣಿಗೆ ಬಿದ್ದೊಡನೆ, ಬಾಯಿ ಓದುವ ಮೊದಲೇ, ಕೈ ಬೀಜ ಎತ್ತಿಬಿಡುತ್ತಿತ್ತು. ಹಾಗಾಗಿ ಎಲ್ಲವೂ ಸರಿಯೆಂದೇ ಕಾಣುತ್ತಿತ್ತು. ಬೀಜ ಇಡಲು ಕೋಡ್ ನೋಡದ ಕೈ ಬೇಕಿತ್ತು. ಶುಕ್ರವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ.

"ನಂಗೇನ್ ತಿಳೀತೈತಪ್ಪಾ ಇದು?" ಎಂದರು ಭಾವ.

"ತಿಳೀಬಾರ್ದು ಭಾವ. ಹಿಡಿದೆ ಅಂದ್ರೆ ಇಡ್ರಿ, ಬಿಟ್ಟೆ ಅಂದ್ರೆ ಎತ್ರಿ. ಅಷ್ಟೇ."

ಅಕ್ಕ ಕೂರುತ್ತಿದ್ದ ಜಾಗ ಬಿಟ್ಟು ಅವರು ಪಕ್ಕಕ್ಕೆ ಕೂತರು. ಎಲ್ಲ ಸರಿಯಾಗಿ ನಡೆದರೆ ಕೋಡ್ ಹೋಗುವ ದಾರಿಯನ್ನು ಮೊದಲು ಓದಿದೆ. ನೆಲ ಖಾಲಿಯಾಯಿತು. ಆಮೇಲೆ ಎಡವಿದಾಗ ಹೋಗುವ ದಾರಿಗಳು, ಒಂದೊಂದಾಗಿ. ಮಧ್ಯಾಹ್ನ ದಾಟಿತು. ತುಂಡಾಗಿ ಬಂದ ಪ್ಯಾಕೆಟನ್ನು ಜೋಡಿಸಲಾಗದೆ ಹೋದ ಕಡೆ "ಬಿಟ್ಟೆ" ಅಂದೆ. ಸ್ವಲ್ಪ ಕೆಳಗೆ ಮತ್ತೆ "ಬಿಟ್ಟೆ."

ಭಾವನ ಕೈ ನೆಲ ತಡವಿತು. "ಎತ್ತಾಕೆ ಏನೂ ಇಲ್ಲಲ್ಲಪ್ಪಾ. ನಾನೇನಾರ ತಪ್ಪು ಮಾಡಿದ್ನಾ?"

"ಇಲ್ರಿ ಭಾವ. ನೀವು ಮಾಡಿಲ್ಲ."

ಒಳಗಿನ ಕೋಡ್ ಆಗಲೇ ಬಿಟ್ಟ ಪ್ಯಾಕೆಟನ್ನು, ಅದನ್ನು ಕೆಲಸಕ್ಕೆ ಕರೆದ ಹೊರಗಿನ ಕೋಡ್ ಇನ್ನೊಮ್ಮೆ ಬಿಡುತ್ತಿತ್ತು. ಇಡೀ ಯಂತ್ರ ಕುಸಿಯಬಹುದಾದ ತಪ್ಪು. ಹೊತ್ತು ಮುಳುಗುವ ಮೊದಲು ಬರೆದು ಕಳಿಸಿದೆ. ಪ್ಯಾಚನ್ನು ತಡೆಹಿಡಿದರು.

"ಅವ್ಳು ಹೇಳಿದ್ದು ಇದೇ ಏನು?" ಭಾವ ಕೇಳಿದರು.

ಭಾನುವಾರ ಅಕ್ಕನ ಕೈ ನಿಂತಾಗ ನಾನು ಅಷ್ಟು ದೂರ ಓದಿರಲೇ ಇಲ್ಲ. ಅಲ್ಲಿಯವರೆಗಿನ ಭಾಗವನ್ನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ಅಕ್ಕನಿಗೆ ಕಂಡ ತಪ್ಪು ನನಗೆ ಇನ್ನೂ ಸಿಕ್ಕಿಲ್ಲ.