ತೇಪೆ ಯಜಮಾನರ ಮಹಡಿ ಮನೆ

ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದ ಯಜಮಾನರು ನಿವೃತ್ತರಾದ ಮೇಲೆ ಮಹಡಿಯಲ್ಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಗಾಡಿ ಗೇಟು ದಾಟಿದರೆ ಸಾಕು, ಮಿಕ್ಕಿದ್ದು ನಾಳೆ ನೋಡೋಣ ಎನ್ನುವುದು ಡಿಪೋದ ರೀತಿ. ಆ ಬುದ್ಧಿಯನ್ನು ಮನೆಗೂ ಹೊತ್ತು ತಂದಿದ್ದರು. ನಲ್ಲಿ ಸೋರಿದರೆ ದಾರ ಸುತ್ತುವುದು, ಬಾಗಿಲು ಉಬ್ಬಿದರೆ ಹೆರೆಯುವುದು. ಹೊರಗಿನ ಕೆಲಸಗಾರನೊಬ್ಬನೂ ಆ ಮೆಟ್ಟಿಲು ಹತ್ತಿದ್ದಿಲ್ಲ. ಬೀದಿಯವರು ತೇಪೆ ಯಜಮಾನರು ಎಂದು ಕರೆದದ್ದು ಸುಮ್ಮನೆ ಅಲ್ಲ.

ಮಹಡಿಯಲ್ಲಿದ್ದವಳು ಒಬ್ಬ ನರ್ಸ್, ಜೊತೆಗೆ ಆರು ವರ್ಷದ ಮಗಳು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಕೇಳಿ ಹೊಡೆಯುವವಳು. ಯಜಮಾನರ ಹೆಂಡತಿಯ ಕಾಲಿನಲ್ಲಿ ವಾಸಿಯಾಗದ ಹುಣ್ಣಿತ್ತು. ಡ್ಯೂಟಿ ಮುಗಿಸಿ ಬಂದವಳು ಕೈ ತೊಳೆದು, ದಿನಾ ಪಟ್ಟಿ ಬದಲಿಸಿಯೇ ಮೇಲೆ ಹೋಗುತ್ತಿದ್ದಳು. ಇವಳು ಬಿಟ್ಟು ಹೋದರೆ ಮುದುಕಿಯ ಗತಿ ಏನು ಎಂಬ ಭಯ ಯಜಮಾನರಿಗೆ ಸದಾ ಇತ್ತು.

ಬಚ್ಚಲಿನ ಗೋಡೆಯೊಳಗೆ ಪೈಪು ಸೋರಿ ಮಲಗುವ ಕೋಣೆಗೆ ತೇವ ಇಳಿಯಿತು.

"ಅಂಕಲ್, ಗೋಡೆ ಕಪ್ಪಾಗ್ತಿದೆ. ಪಾಪುಗೆ ಉಬ್ಬಸ ಶುರುವಾಗಿದೆ," ಎಂದಳು ನರ್ಸ್.

ಗೋಡೆ ಒಡೆಸಿದರೆ ಕೈ ಸುಡುತ್ತದೆ; ಬಾಡಿಗೆ ಏರಿಸದೆ ವಿಧಿಯಿಲ್ಲ; ಏರಿಸಿದರೆ ಇವಳು ನಿಲ್ಲುವುದಿಲ್ಲ. ಹೀಗೆ ತಾವೇ ಕೇಳಿ ತಾವೇ ಉತ್ತರ ಹೇಳಿಕೊಂಡ ಮಹಾಶಯರು ಒದ್ದೆ ಗೋಡೆಯ ಮೇಲೆ ದಪ್ಪಗೆ ಬಣ್ಣ ಬಳಿದರು. ಎರಡೇ ತಿಂಗಳಿಗೆ ಬಣ್ಣ ಗುಳ್ಳೆ ಎದ್ದಿತು. ಅವಳು ಇನ್ನೊಮ್ಮೆ ಹೇಳಿದಳು, ಇವರು ಇನ್ನೊಮ್ಮೆ ಬಳಿದರು. ಮೂರನೆಯ ಸಲ ಅವಳು ಬಾಯಿ ಬಿಡಲಿಲ್ಲ. "ನೋಡಿದ್ಯಾ, ಎಲ್ಲಾ ಸರಿಹೋಯ್ತು" ಎಂದು ಹೆಂಡತಿಯ ಮುಂದೆ ಬೀಗಿದ್ದೂ ಆಯಿತು. ಮೇಲೆ ಹತ್ತಿ ಕಣ್ಣಾರೆ ನೋಡುವ ಗೋಜಿಗೆ ಮಾತ್ರ ಹೋಗಲಿಲ್ಲ.

"ಮುಂದಿನ ತಿಂಗಳು ಮನೆ ಖಾಲಿ ಮಾಡ್ತೀನಿ ಅಂಕಲ್," ಎಂದು ಅವಳು ಒಂದು ದಿನ ಬಂದು ನಿಂತಳು.

"ಯಾಕಮ್ಮಾ? ಇಷ್ಟು ಕಮ್ಮಿ ಬಾಡಿಗೆಗೆ ಬೇರೆ ಎಲ್ಲಿ ಸಿಗುತ್ತೆ?"

"ಸಿಗಲ್ಲ. ಹೊಸ ಮನೆಗೆ ಇದರ ಒಂದೂವರೆ ಪಟ್ಟು. ಅಲ್ಲಿ ಗೋಡೆ ಒಣಗಿದೆ, ಅಷ್ಟೇ. ಆ ಬಾಡಿಗೆನ ನಿಮಗೇ ಕೊಡ್ತಿದ್ದೆ ಅಂಕಲ್. ನೀವು ಕೇಳ್ಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊರಡುವ ದಿನವೂ ಮುದುಕಿಯ ಕಾಲಿಗೆ ಪಟ್ಟಿ ಕಟ್ಟಿ, ಬಿಚ್ಚುವುದು ಹೇಗೆಂದು ಯಜಮಾನರಿಗೆ ಎರಡು ಸಲ ತೋರಿಸಿ ಹೋದಳು.

ಮನೆ ನೋಡಲು ಬಂದವರೆಲ್ಲ ಆ ಕೋಣೆಗೆ ಕಾಲಿಟ್ಟು, ಮೂಗು ಮುಚ್ಚಿಕೊಂಡು ಇಳಿದರು. ಕೊನೆಗೆ ಗೋಡೆ ಒಡೆಸಲೇಬೇಕಾಯಿತು. ಮೂರೇ ದಿನದ ಕೆಲಸ. ಮಗುವಿನ ಉಬ್ಬಸಕ್ಕೆ ಕರಗದವರು ಯಾರೋ ಗುರುತಿಲ್ಲದವರಿಗಾಗಿ ಅದನ್ನು ಮಾಡಿಸಿದರು.

ಕೆಲಸ ಮುಗಿದ ಸಂಜೆ ಹೆಂಡತಿಯ ಪಟ್ಟಿ ಬಿಚ್ಚಲು ಕೂತರು. ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು. ಮೊದಲು ನೀರು ಹಾಕಿ ನೆನೆಸಬೇಕೆಂಬುದನ್ನು ಮರೆತು ಎಳೆದುಬಿಟ್ಟರು. ಮುದುಕಿ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಅಷ್ಟೊಂದು ನೋವಾಯ್ತೇನೇ?"

"ಹಲ್ಲು ಕಚ್ಚಿ ತಡ್ಕೋಬಹುದಿತ್ತು. ಆದ್ರೆ ಸುಮ್ಮನಿದ್ದೋರಿಗೆ ನೋವೇ ಇಲ್ಲ ಅಂದ್ಕೊಳ್ಳೋರಲ್ವಾ ನೀವು?"