ಮಲ್ಲಿಗೆ ಬಳ್ಳಿಗೆ ಕಲ್ಲು ಕಂಬ

ನಮ್ಮ ಸೂಜಿಮಲ್ಲಿಗೆ ಬಳ್ಳಿಯನ್ನು ಕಡಿಸಿದ್ದು ಪಕ್ಕದ ಮನೆಯವರು. ನಾವು ಮದುವೆಗೆಂದು ಕಂಪ್ಲಿಗೆ ಹೋಗಿದ್ದ ದಿನ ಕಡಿಸಿದರು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ವಿಡಿಯೊ ತೆಗೆಯುವವರು ಬರುವವರಿದ್ದರು. ನಡುವಿನ ಗೋಡೆಗೆ ಒರಗಿದಂತಿದ್ದ ನಮ್ಮ ಚಪ್ಪರ ಅದರಲ್ಲಿ ಕಾಣುವುದು ಅವರಿಗೆ ಬೇಕಿರಲಿಲ್ಲ. ಸಂಜೆ ನಾನೂ ಅವ್ವನೂ ಹೊಸಪೇಟೆಗೆ ವಾಪಸಾದಾಗ ಚಪ್ಪರದ ಕಂಬಗಳನ್ನು ಹಿತ್ತಲ ಮೂಲೆಯಲ್ಲಿ ಒಟ್ಟಿದ್ದರು. ಬಳ್ಳಿ ಮೊಣಕಾಲೆತ್ತರದ ಮೋಟಾಗಿ ನಿಂತಿತ್ತು. ಉಳಿದ ಭಾಗ ಓಣಿಯ ಕಸದ ಪಕ್ಕದಲ್ಲಿತ್ತು, ಎಲೆ ಇನ್ನೂ ಬಾಡಿರಲಿಲ್ಲ.

ಅವ್ವ ಕಸದ ಪಕ್ಕದಿಂದ ಬಳ್ಳಿಯ ಒಂದು ತುಂಡು ಎತ್ತಿಕೊಂಡಳು. ಹೂವಿನ ಕಾಲದಲ್ಲಿ ಪ್ರತಿ ಸಂಜೆ ಆ ಮೊಗ್ಗು ಬಿಡಿಸಿ ಮಾಲೆ ಕಟ್ಟುವುದು ಅವಳ ಕೆಲಸ. ಅರ್ಧ ದೇವರಿಗೆ, ಅರ್ಧ ಓಣಿಯ ಹುಡುಗಿಯರ ಜಡೆಗೆ.

ಪಕ್ಕದವರು ತೋರಣಗಲ್ಲಿನ ಕಾರ್ಖಾನೆಗೆ ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರರು. ಕೇಳಲು ಹೋದರೆ ಕುರ್ಚಿ ಹಾಕಿ ಕೂಡಿಸಿದರು.

“ಅಕ್ಕಾರ, ನಿಮ್ಮ ಕಂಬಕ್ಕ ಗೆದ್ದಲ ಹತ್ತಿತ್ರೀ. ಯಾವತ್ತಾರ ನಮ್ಮ ಗ್ವಾಡಿ ಮ್ಯಾಲ ಬೀಳೋದ ಇತ್ತು. ನಿಮಗ ಒಳ್ಳೇದ ಮಾಡೀನಿ, ನೀವ ನೋಡಿದ್ರ ಸಿಟ್ಟಾಗೀರಿ!”

“ಒಂದ್ ಫೋನ್ ಮಾಡಬೇಕಿತ್ತಲ್ರೀ.”

“ಮದಿವಿ ಮನ್ಯಾಗ ಇದ್ರಿ, ಯಾಕ ತ್ರಾಸ ಕೊಡೋದಂತ ಬಿಟ್ಟೆ. ಈಗ ನೋಡ್ರಿ, ನಿಮ್ಮ ಹಿತ್ತಲಕ್ಕ ಎಷ್ಟ್ ಬೆಳಕ ಬಂದೈತಿ.”

ವರ್ಷಗಟ್ಟಲೆ ಸುದ್ದಿಮನೆಯಲ್ಲಿ ಕೆಲಸ ಮಾಡಿದವಳು ನಾನು. ಎದುರು ಪಕ್ಷದ ಮಾತನ್ನೂ ಪರಿಶೀಲಿಸದೆ ಬಿಡುವ ಅಭ್ಯಾಸವಿಲ್ಲ. ಕಂಬಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಎರಡರ ಬುಡ ನಿಜವಾಗಿಯೂ ಪುಡಿಯಾಗಿತ್ತು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಪೂರ್ತಿ ಸುಳ್ಳು ಹೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವ್ವನ ತವರಿನವರು ಕಂಪ್ಲಿಯಲ್ಲಿ ಬಾಳೆ ಬೆಳೆಯುತ್ತಾರೆ. ಗೊನೆಯ ಭಾರಕ್ಕೆ ಗಿಡ ಬಾಗದಂತೆ ಸರ್ವೆ ಮರದ ಕಂಬ ಆನಿಸಿ ನಿಲ್ಲಿಸುವುದು ಅಲ್ಲಿನ ರೂಢಿ. ಆ ಕಂಬ ಗೊನೆ ಕಡಿಯುವವರೆಗೆ ತಡೆದರೆ ಸಾಕು. ನಮ್ಮ ಮನೆಯಲ್ಲಿ ಯಾವ ಬಳ್ಳಿಗೂ ಅದನ್ನೇ ತಂದು ಹೂಳುತ್ತಿದ್ದರು. ವರ್ಷಾನುಗಟ್ಟಲೆ ಬಾಳುವ ಮಲ್ಲಿಗೆಗೆ ಒಂದು ಬೆಳೆಯ ಕಂಬ. ವಾಲಿದರೆ ಪಕ್ಕಕ್ಕೆ ಇನ್ನೊಂದು.

ಆ ವಾರವೇ ನಿರ್ಧರಿಸಿದೆ. ಈ ಮೋಟು ಚಿಗುರಿ ಹೂ ಬಿಡಬೇಕು. ಅದರ ಆಸರೆ ಪಕ್ಕದ ಮನೆಯ ಬಣ್ಣಕ್ಕಿಂತ ಹೆಚ್ಚು ಕಾಲ ಬಾಳಬೇಕು, ಅವರ ಮನೆಗಿಂತ ಚಂದ ಕಾಣಬೇಕು. ಮತ್ತು ಗೋಡೆಯ ಆಚೆಗೆ ಒಂದು ಹೂವೂ ಬಾಗಬಾರದು. ನಮ್ಮ ಓಣಿಯಲ್ಲಿ ಗೋಡೆ ದಾಟಿದ ಹೂವು ಆಚೆ ಮನೆಯವರದು, ಅದನ್ನು ಯಾರೂ ಕೇಳಿ ಕೀಳುವುದಿಲ್ಲ. ಮನೆ ಕಟ್ಟಿಸುವಾಗ ಅವರ ಹೆಂಡತಿ ಶುಕ್ರವಾರಗಳಂದು ಬಂದು ನಮ್ಮ ಮಲ್ಲಿಗೆಯನ್ನೇ ಹೊಸ ಬಾಗಿಲಿಗೆ ಏರಿಸುತ್ತಿದ್ದರು. ಆ ಹೂವು ಅವರಿಗೆ ಬೇಕೆನಿಸಬೇಕು, ಸಿಗಬಾರದು. ನನಗೆ ಬೇಕಾಗಿದ್ದುದು ಇಷ್ಟೇ.

ಬಿದಿರು ನೋಡಿದೆ. ಚಂದವಿದೆ, ಆದರೆ ಮಣ್ಣಿಗೆ ತಾಗಿದ ಕಡೆ ಬೇಗ ಕೊಳೆಯುತ್ತದೆ. ಕಬ್ಬಿಣದ ಪೈಪು ಎಲ್ಲರೂ ಹೇಳಿದ ಸಲಹೆ. ಕಾರ್ಖಾನೆಯ ಸೀಮೆ ಇದು, ಇಲ್ಲಿ ಕೋಳಿಗೂಡಿನಿಂದ ದೇವರ ಮಂಟಪದವರೆಗೆ ಎಲ್ಲವನ್ನೂ ವೆಲ್ಡಿಂಗ್ ಮಾಡಿಸುತ್ತಾರೆ. ಸಂಡೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳು ನಕ್ಕಳು.

“ಬ್ಯಾಡಲೇ ತಾಯಿ. ನಮ್ಮನಿಯವ್ರು ಹಾಗಲಬಳ್ಳಿಗೆ ಕಬ್ಬಿಣದ ಜಾಲರಿ ಮಾಡಿಸಿದ್ರಲ್ಲ, ಕರೇ ಬಣ್ಣ ಬ್ಯಾರೆ ಹಚ್ಚಿ! ಬ್ಯಾಸಿಗ್ಯಾಗ ದ್ವಾಸಿ ಹಂಚಾಗಿತ್ತು. ಕುಡಿ ಮುಟ್ಟಿದಲ್ಲೇ ಸುಟ್ಟು ಕರಕಾದ್ವು. ಈಗ ಅದರ ಮ್ಯಾಲ ಟವೆಲ್ ಒಣಗಿಸ್ತೀವಿ.”

ಕೊನೆಗೆ ಗಾದಿಗನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಕಲ್ಲು ಕಂಬ ಮಾರುವವರಲ್ಲಿ ನಿಂತೆ. ಹೊಲದ ಬೇಲಿಗೆ ತಂತಿ ಬಿಗಿಯಲು ಹುಗಿಯುವ ಕಂಬಗಳು. ಉಳಿಯ ಗುರುತು ಹಾಗೇ ಇರುವ, ಬೂದು ಬಣ್ಣದ ಒರಟು ಕಲ್ಲು. ಮಾರುವವರು ಕೇಳಿದರು, “ಎಷ್ಟ್ ಎಕರೆ ಹೊಲ್ರೀ?”

“ಹೊಲ ಅಲ್ರೀ, ಮಲ್ಲಿಗಿ ಬಳ್ಳಿಗೆ.”

“ಬಳ್ಳಿ ಕಟ್ತೀರೋ, ಆನಿ ಕಟ್ತೀರೋ?”

ನಾಲ್ಕು ಕಂಬ ತಂದು ಎರಡಡಿ ಆಳಕ್ಕೆ ಹುಗಿಸಿದೆ. ಬಿಸಿಲಿಗೆ ಕಲ್ಲೂ ಕಾಯುತ್ತದೆ. ಅದಕ್ಕೇ ಕಂಬಗಳಿಗೆ ಬುಡದಿಂದ ತುದಿಯವರೆಗೆ ತೆಂಗಿನ ನಾರಿನ ಹಗ್ಗ ಸುತ್ತಿಸಿದೆ. ಕುಡಿಗೆ ಹಿಡಿತವೂ ಸಿಕ್ಕಿತು. ಅಡ್ಡಕ್ಕೆ ಸೀಳಿದ ಬಿದಿರು ಕಟ್ಟಿಸಿದೆ. ನೆಲಕ್ಕೆ ತಾಗದ ಬಿದಿರು ಬೇಗ ಕೊಳೆಯುವುದಿಲ್ಲ, ಹಾಳಾದರೆ ಅದೊಂದನ್ನೇ ಬದಲಿಸಬಹುದು. ಗೋಡೆಯಿಂದ ಒಂದು ಮಾರು ಈಚೆಗೇ ಚಪ್ಪರ ನಿಂತಿತು. ನೋಡಿದವರು ಚಂದ ಅಂದರು. ನಿಜವಾಗಿಯೂ ಚಂದವಿತ್ತು.

ಮೋಟು ಚಿಗುರಿತು. ಗೋಡೆಯ ಮೇಲಿಂದ ಪಕ್ಕದವರು ಇಣುಕಿದರು. “ನೋಡ್ರಿ ಅಕ್ಕಾರ, ನಾ ಕಡಿಸಿದ್ದಕ್ಕ ಹೆಂಗ ಚಿಗತೈತಿ! ನನಗ ಒಂದ್ ಮಾಲಿ ಹಾಕ್ಬೇಕ್ರಿ ನೀವು.”

ಹೋಳಿ ಹುಣ್ಣಿಮೆಯ ಹೊತ್ತಿಗೆ ಅವರೂ ಗೇಟಿನ ಬಳಿ ಒಂದು ಕಮಾನು ನಿಲ್ಲಿಸಿದರು. ದಪ್ಪ ಉಕ್ಕಿನ ಪೈಪು, ಬಳುಕು ಬಳುಕಾದ ವಿನ್ಯಾಸ, ಹೊಳೆಯುವ ಕಪ್ಪು ಬಣ್ಣ. ಪಡುವಣ ಬಿಸಿಲು ನೇರ ಬೀಳುವ ಜಾಗ. ನರ್ಸರಿಯಿಂದ ಎರಡು ಮಲ್ಲಿಗೆ ಸಸಿ ತಂದು ಎರಡೂ ಕಡೆ ನೆಟ್ಟರು. ನನ್ನನ್ನು ಕರೆದು ತೋರಿಸಿದರು.

“ಹೆಂಗೈತ್ರೀ? ನಿಮ್ಮ ಕಲ್ಲಿನಂಗಲ್ಲ, ಇದು ಮೊಮ್ಮಕ್ಕಳ ಕಾಲಕ್ಕೂ ಇರತೈತಿ.”

ಕಮಾನನ್ನು ಮುಟ್ಟಿ ನೋಡಿದೆ. ಬೆಳಗಿನ ಹೊತ್ತು, ತಣ್ಣಗಿತ್ತು. ಅಕ್ಕ ಹೇಳಿದ ಮಾತೆಲ್ಲ ನೆನಪಿತ್ತು.

“ಭಾಳ ಗಟ್ಟಿ ಐತ್ರೀ,” ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಬಿಸಿಲು ಏರಿತು. ಅವರ ಸಸಿಗಳ ಕುಡಿ ಪೈಪಿಗೆ ಸುತ್ತಿದಲ್ಲೆಲ್ಲ ಕಂದಿ, ಆಮೇಲೆ ಕಪ್ಪಾಗಿ ಉದುರಿತು. ಅವರು ದಿನಕ್ಕೆರಡು ಸಲ ನೀರು ಬಿಟ್ಟರು, ಗೊಬ್ಬರ ಹಾಕಿದರು, ಔಷಧ ಹೊಡೆದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಸಂತೋಷವಾಗುತ್ತಿತ್ತು, ಅದನ್ನು ಬೇರೆ ಪದದಲ್ಲಿ ಬರೆಯುವುದು ಸರಿಯಲ್ಲ.

ಆ ಬೇಸಿಗೆಯಲ್ಲಿ ನಮ್ಮ ಬಳ್ಳಿ ಚಪ್ಪರಕ್ಕೆ ಹಬ್ಬಿ ಮೊಗ್ಗು ಬಿಟ್ಟಿತು. ಅವ್ವ ಮತ್ತೆ ಮಾಲೆ ಕಟ್ಟಲು ಕೂತಳು. ಬೆಳಗಿನ ಬಿಸಿಲು ಬರುವುದು ಗೋಡೆಯ ಆಚೆಯಿಂದ. ಹಾಗಾಗಿ ಕುಡಿಗಳು ಅತ್ತ ಚಾಚುತ್ತಿದ್ದವು. ಅವನ್ನು ಹಿಡಿದು ಈಚೆಗೆ ತಿರುಗಿಸಿ, ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತಿದ್ದೆ. ಒಂದು ಶುಕ್ರವಾರ ಬೆಳಿಗ್ಗೆ ಗೋಡೆಯ ಮೇಲೆ ಬಳೆಯ ಕೈಯೊಂದು ಬಂದು, ತಡಕಾಡಿ, ಬರಿದೇ ಹಿಂದೆ ಹೋದದ್ದನ್ನು ಅವ್ವನೂ ನೋಡಿದಳು.

“ಒಂದ್ ಬೊಗಸಿ ಹೂವು ಕೊಟ್ರ ನಿನ್ನ ಗಂಟೇನ ಹೋಗತೈತಿ?” ಅಂದಳು.

“ನೀ ಕಟ್ಟಿದ ಮಾಲಿ ನೀ ಯಾರಿಗರ ಕೊಡವ್ವ. ಬಳ್ಳಿ ಮಾತ್ರ ಅತ್ತಾಗ ಹೋಗೂದಿಲ್ಲ.”

ಆ ಸಂಜೆ ಪಕ್ಕದವರೇ ಬಂದರು. ಈ ಸಲ ಗೋಡೆಯ ಮೇಲಿಂದಲ್ಲ, ಗೇಟಿನಿಂದ.

“ಅಕ್ಕಾರ, ನಮ್ಮ ಬಳ್ಳಿ ಯಾಕ ಸುಡಾಕ ಹತ್ತೈತಿ ಅಂತ ತಿಳಿವಲ್ದು.”

“ಪೈಪು ಮಧ್ಯಾಹ್ನ ಮುಟ್ಟಿ ನೋಡೀರೇನ್ರೀ?”

ಅವರು ನನ್ನತ್ತ ತಿರುಗಿದರು. “ಅಂದ್ರ, ನಿಮಗ ಮೊದ್ಲ ಗೊತ್ತಿತ್ತು. ಹೇಳ್ಬಾರದಿತ್ತೇನ್ರೀ?”

“ಕಮಾನು ನಿಲ್ಲಿಸಿ ಆಗಿತ್ತು. ಸುಮ್ನ ಯಾಕ ತ್ರಾಸ ಕೊಡೋದಂತ ಬಿಟ್ಟೆ.”

ಅವರ ಕಿವಿ ಕೆಂಪಾಯಿತು. ತಿರುಗಿ ಹೋಗುತ್ತಾರೆ ಅಂದುಕೊಂಡೆ, ಹೋಗಲಿಲ್ಲ. ಚಪ್ಪರದ ಕೆಳಗೆ ನಿಂತು ಹಗ್ಗ ಸುತ್ತಿದ ಕಂಬವನ್ನು ಸವರಿದರು. ಮೆಲ್ಲಗೆ, “ನೆಡಾಕ ಬಳ್ಳಿದ ಒಂದ್ ಕಡ್ಡಿ ಕೊಡ್ರಿ. ಮನ್ಯಾಗ ಕೇಳ್ತಾರ,” ಅಂದರು.

ಅವ್ವ ಒಳಗಿನಿಂದಲೇ, “ಕೊಟ್ಟು ಬಿಡವಾ,” ಅಂದಳು.

“ಈ ಬಿಸಿಲಾಗ ಕಡ್ಡಿ ಹತ್ತೂದಿಲ್ರೀ. ಮಳಿ ಬೀಳಲಿ, ನೋಡೋಣು,” ಅಂದೆ. ಅದೂ ಸತ್ಯವೇ.

ಮಳೆ ಇನ್ನೂ ಬಂದಿಲ್ಲ. ಬಂದರೆ ಕೊಡುತ್ತೇನೋ ಇಲ್ಲವೋ ತೀರ್ಮಾನಿಸಿಲ್ಲ. ಸಂಜೆ ನಾನು ಕುಡಿ ತಿರುಗಿಸುವಾಗ ಅವರು ಮಹಡಿಯ ಮೇಲೆ ಬಂದು ನಿಲ್ಲುತ್ತಾರೆ. ಕೇಳುವುದಿಲ್ಲ, ಆದರೆ ಮೋಡ ನೋಡುತ್ತಾರೆ. ನಾನು ಆ ಕೆಲಸಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಳ್ಳುತ್ತೇನೆ.