ಕಂಪ್ಯೂಟರಿನೊಳಗಿನ ಮಾರ್ಚ್ ತಿಂಗಳು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗದ ಷೆಡ್ಡಿಗೂ ಅಡುಗೆಮನೆಗೂ ನಡುವೆ ಒಂದು ಸಣ್ಣ ಕೋಣೆಯಿದೆ. ಸೀರೆಯ ಅಂಚು, ಸೆರಗುಗಳನ್ನು ನಾನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ಬರೆಯುವುದು ಅಲ್ಲೇ. ಬರೆದದ್ದನ್ನು ಪೆನ್‌ಡ್ರೈವಿಗೆ ಹಾಕಿ ಪೇಟೆಯಲ್ಲಿ ಕಾರ್ಡ್ ಹೊಡೆಯುವವರಿಗೆ ಕೊಟ್ಟರೆ, ಅವರು ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಕೊಡುತ್ತಾರೆ. ಆ ತೂತುಗಳ ಪ್ರಕಾರ ಮಗ್ಗ ಚಿತ್ರ ನೇಯುತ್ತದೆ. ಒಂದು ಚೌಕ ತಪ್ಪಿದರೂ ನವಿಲಿಗೆ ಎರಡು ಕೊಕ್ಕು ಬಂದುಬಿಡುತ್ತದೆ. ಹಾಗಾಗಿ ಅವಸರ ಎನ್ನುವುದು ನನ್ನ ಕೆಲಸಕ್ಕೆ ಹೊಂದುವುದಿಲ್ಲ.

ಕಳೆದ ಅವರೆಕಾಯಿ ಕಾಲದಲ್ಲಿ ಮಾತ್ರ ಅವಸರವೇ ಬಂತು. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ನೇಯುತ್ತಿರುವವರೊಬ್ಬರು ಇದ್ದಾರೆ. ರಾಜಘಟ್ಟದಿಂದ ದಿನಾ ಮೊಪೆಡ್ಡಿನಲ್ಲಿ ಬರುತ್ತಾರೆ. ಅವರ ಮಗಳಿಗೆ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯನ್ನು ತಾವೇ ನೇಯಬೇಕೆಂದು ಅವರ ಆಸೆ. ಅದಕ್ಕೆ ನಮ್ಮ ಯಜಮಾನರು ಒಂದು ಮಗ್ಗ ಬಿಟ್ಟುಕೊಟ್ಟಿದ್ದರು, ಅಂಚು ಬರೆದುಕೊಡುತ್ತೇನೆಂದು ನಾನು ಒಪ್ಪಿದ್ದೆ. ಆ ಹುಡುಗಿಯನ್ನು ಏನು ಬೇಕಮ್ಮ ಎಂದು ಕೇಳಿದರೆ, ನವಿಲೂ ಬೇಡ ಮಾವಿನಕಾಯಿಯೂ ಬೇಡ, ರಾಗಿ ತೆನೆ ಬೇಕು ಅಂದಳು.

"ರಾಗಿ ತೆನೆ ಉಟ್ಕೊಂಡು ಧಾರೆಗೆ ನಿಂತ್ರೆ ಬೀಗ್ರು ಏನಂತಾರೆ ಕೇಳಿ ಅಕ್ಕ" ಎಂದು ಅವಳ ಅಪ್ಪ ನನ್ನ ಹತ್ತಿರ ದೂರು ಹೇಳಿದರು. ಮುಖದಲ್ಲಿ ಮಾತ್ರ ಖುಷಿಯೇ ಇತ್ತು.

ಕಾರ್ಡ್ ಹೊಡೆಯುವವರು ಆ ಶನಿವಾರ ಸಂಜೆ ಶಬರಿಮಲೆಗೆ ಹೊರಡುವವರಿದ್ದರು. ಅಷ್ಟರೊಳಗೆ ಅಂಚು ಅವರ ಕೈ ಸೇರಬೇಕು. ಅವರು ವಾಪಸು ಬಂದ ಮೇಲೆ ಕೊಟ್ಟರೆ ಮದುವೆಯ ಹೊತ್ತಿಗೆ ಸೀರೆ ಮಗ್ಗದಿಂದ ಇಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲೇ, ಆ ವಾರದ ಮಂಗಳವಾರ, ನನ್ನ ಕಂಪ್ಯೂಟರ್ ಕೆಟ್ಟು ಕೂತಿತು. ರಿಪೇರಿಯವರು ನೋಡಿ ಹಾರ್ಡ್ ಡಿಸ್ಕ್ ಹೋಗಿದೆ ಎಂದು ಬೇರೆ ಹಾಕಿಕೊಟ್ಟರು. ಹಳೆಯ ಡಿಸೈನುಗಳು ಪೆನ್‌ಡ್ರೈವಿನಲ್ಲಿ ಉಳಿದಿದ್ದವು. ಅವನ್ನು ಬರೆಯುವ ಸಾಫ್ಟ್‌ವೇರ್ ಮಾತ್ರ ಹಳೆಯ ಡಿಸ್ಕಿನ ಜೊತೆಗೇ ಹೋಯಿತು.

ಆ ಸಾಫ್ಟ್‌ವೇರಿನ ಬಗ್ಗೆ ಒಂದು ಮಾತು ಹೇಳಬೇಕು. ಅದಕ್ಕೆ ಒಂದು ಗಡುವಿತ್ತು. ಕೊಟ್ಟವರು ಬಾಗಿಲು ಮುಚ್ಚಿಕೊಂಡು ಹೋದ ಮೇಲೆ ಆ ಗಡುವನ್ನು ಮುಂದೆ ಹಾಕಿಕೊಡುವವರು ಯಾರೂ ಉಳಿಯಲಿಲ್ಲ. ನಮ್ಮ ಬೀದಿಯ ಡಿಸೈನಿನವರೆಲ್ಲ ಸೇರಿ ಕಂಡುಕೊಂಡ ಉಪಾಯ ಒಂದೇ: ಕಂಪ್ಯೂಟರಿನ ತಾರೀಕನ್ನು ಹಿಂದಕ್ಕೆ ತಿರುಗಿಸುವುದು. ಗಡುವು ಮುಗಿಯುವ ಮೊದಲಿನ ಮಾರ್ಚ್ ಒಂದಕ್ಕೆ ಇಟ್ಟರೆ ಒಂದು ತಿಂಗಳು ನಿಶ್ಚಿಂತೆ. ಮಾರ್ಚ್ ಮೂವತ್ತಾದ ಕೂಡಲೇ ಮತ್ತೆ ಮಾರ್ಚ್ ಒಂದು. ಹೀಗೆ ನನ್ನ ಕಂಪ್ಯೂಟರಿನಲ್ಲಿ ಹತ್ತು ವರ್ಷ ಒಂದೇ ಮಾರ್ಚ್ ತಿಂಗಳು ನಡೆಯಿತು. ಹೊರಗೆ ಯುಗಾದಿ, ಗೌರಿ, ದೀಪಾವಳಿ ಎಲ್ಲ ಬಂದು ಹೋಗುತ್ತಿದ್ದವು. ಒಳಗೆ ಹೋಳಿಯೂ ದಾಟುತ್ತಿರಲಿಲ್ಲ.

ಏನು ಮಾಡುವುದೆಂದು ಗೆಳತಿಗೆ ಫೋನ್ ಮಾಡಿದೆ. ಹಿಂದೆ ಟೈಪಿಂಗ್ ಕ್ಲಾಸಿನಲ್ಲಿ ನನ್ನ ಪಕ್ಕದ ಮಿಷಿನ್ನಿನಲ್ಲಿ ಕೂರುತ್ತಿದ್ದವಳು. ಈಗ ಅರಿಶಿನಕುಂಟೆಯಲ್ಲಿ ಹೆದ್ದಾರಿ ಪಕ್ಕ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. "ಆ ಹಳೇ ಸಾಫ್ಟ್‌ವೇರಿನ ಗೊಡವೇನೆ ಬಿಡು. ಕಂಪ್ಯೂಟರನ್ನೇ ನಡೆಸೋ ಲಿನಕ್ಸ್ ಅಂತ ಒಂದಿದೆ, ಅದನ್ನ ಹಾಕ್ಕೊ, ದುಡ್ಡು ಕೊಡಂಗಿಲ್ಲ. ಚಿತ್ರ ಬರೆಯೋದು ಅದರಲ್ಲೇ ಸಿಗುತ್ತೆ" ಎಂದು ಹೇಳಿ, ಬುಧವಾರ ಪರಿಚಯದ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಪೆನ್‌ಡ್ರೈವ್ ಕಳಿಸಿದಳು. ಮಾಡಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಸಾಲಾಗಿ ಬರೆದಿದ್ದಳು.

ಇನ್‌ಸ್ಟಾಲ್ ಮಾಡುವುದು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಪರದೆಯ ಮೇಲೆ ಪಟ್ಟಿ ನಿಧಾನಕ್ಕೆ ತುಂಬುತ್ತಿತ್ತು. ನಾನು ಪಕ್ಕದಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಹಿತುಕುತ್ತಿದ್ದೆ. ಸಾರಿಗಾಗುವಷ್ಟು ಹಿತುಕಿದ ಬೇಳೆಯಾಗುವ ಹೊತ್ತಿಗೆ ಲಿನಕ್ಸೂ ಆಯಿತು. ಮಿಷಿನ್ ಮತ್ತೆ ಚಾಲೂ ಆಗಿ, ನೀಲಿ ಪರದೆ ಬಂದು, ಎಲ್ಲ ಚೆನ್ನಾಗಿ ಕಂಡಿತು. ಕೈ ತೊಳೆದು ಬಂದು ಮೊದಲ ಕೆಲಸ ಶುರು ಮಾಡಿದೆ.

ಚಿತ್ರ ಬರೆಯುವ ಸಾಫ್ಟ್‌ವೇರ್ ಪೆನ್‌ಡ್ರೈವಿನಲ್ಲಿ ಇರಲಿಲ್ಲ, ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳಬೇಕಿತ್ತು. ಅದನ್ನು ಇಟ್ಟಿರುವ ಜಾಗಕ್ಕೆ ರೆಪಾಸಿಟರಿ ಎನ್ನುತ್ತಾರೆ. ಮದುವೆ ಮನೆಯ ಉಗ್ರಾಣ ಅಂದುಕೋ ಎಂದು ಗೆಳತಿ ಹಾಳೆಯ ಅಂಚಿನಲ್ಲಿ ಬರೆದಿದ್ದಳು. ಬೇಕಾದ್ದನ್ನು ಕೇಳಿದರೆ ಒಳಗಿಂದ ತೆಗೆದುಕೊಡುತ್ತಾರೆ. ಕೇಳುವ ಮೊದಲು ಉಗ್ರಾಣದಲ್ಲಿ ಏನೇನಿದೆ ಎನ್ನುವ ಪಟ್ಟಿ ತರಿಸಬೇಕು. ಅವಳು ಬರೆದಂತೆ ಒಂದೊಂದೇ ಅಕ್ಷರ ನೋಡಿಕೊಂಡು ಒತ್ತಿದೆ. ನಾಲ್ಕು ಸಾಲು ಓಡಿ ಐದನೆಯದರಲ್ಲಿ ಎರರ್ ಎಂದು ಬಂತು. ರಿಲೀಸ್ ಫೈಲ್ ನಾಟ್ ವ್ಯಾಲಿಡ್. ಅಂದರೆ ಆ ಪಟ್ಟಿ ಊರ್ಜಿತವಲ್ಲ. ಮುಂದೆ ಮೂರು ಸಾವಿರದ ಚಿಲ್ಲರೆಯ ಒಂದು ಅಂಕಿ ಇತ್ತು. ಅದು ಪಟ್ಟಿಯ ಉದ್ದ ಇರಬೇಕೆಂದು ನಾನು ಅಂದುಕೊಂಡೆ.

ಇಂಟರ್‌ನೆಟ್ ಸರಿಯಿಲ್ಲವೇನೋ ಎಂದು ವೈಫೈ ಆರಿಸಿ ಹಾಕಿದೆ. ಅದೇ ಎರರ್. ಯಜಮಾನರ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ನೋಡಿದೆ. ಅದೇ. ಒಂದು ಉಗ್ರಾಣ ಕೈಕೊಟ್ಟರೆ ಅದರ ನಕಲು ಬೇರೆ ಬೇರೆ ಊರುಗಳಲ್ಲಿ ಇರುತ್ತದಂತೆ, ಅದನ್ನು ಬದಲಾಯಿಸುವ ಕ್ರಮವೂ ಹಾಳೆಯಲ್ಲಿತ್ತು. ಇಂಡಿಯಾ ಬಿಟ್ಟು ಸಿಂಗಪುರಕ್ಕೆ ಹೋದೆ, ಅಲ್ಲಿಂದ ಜರ್ಮನಿಗೆ. ಎಲ್ಲಿ ಹೋದರೂ ನಾಟ್ ವ್ಯಾಲಿಡ್.

ಗುರುವಾರ ಬೆಳಿಗ್ಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಆವತ್ತು ಉಪ್ಪಿಟ್ಟು ತಳ ಹಿಡಿಯಿತು. ಎರರ್ ಹಾಗೇ ಇತ್ತು.

ನೇಯುವವರು ಟೀ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತರು. ಅಂಚು ಎಲ್ಲಿಗೆ ಬಂತೆಂದು ಬಾಯಿಬಿಟ್ಟು ಕೇಳಲಿಲ್ಲ. ಉಗ್ರಾಣದ ಕತೆಯನ್ನು ಬೆಳಿಗ್ಗೆಯೇ ನನ್ನಿಂದ ಕೇಳಿದ್ದವರು ಪರದೆ ನೋಡಿ, "ಉಗ್ರಾಣದವ್ರು ಇನ್ನೂ ಕೊಡ್ಲಿಲ್ವಾ ಅಕ್ಕ?" ಅಂದರು.

"ಇಲ್ಲಪ್ಪ. ಯಾವ ಊರಲ್ಲಿ ಕೇಳಿದ್ರೂ ಇಲ್ಲ ಅಂತಾವ್ರೆ."

"ಆಗ್ಲಿಲ್ಲ ಅಂದ್ರೆ ಬಿಡಿ. ಅಂಗಡೀಲಿ ಒಂದು ತಂದ್ರಾಯ್ತು. ಇಪ್ಪತ್ತು ವರ್ಷ ನೇಯ್ದವನ ಮಗಳಿಗೆ ಅಂಗಡಿ ಸೀರೆ ಅಂತ ನಗ್ತಾರೆ ಅಷ್ಟೇ" ಎಂದು ಅವರೇ ನಕ್ಕು, ಲೋಟ ತೊಳೆದಿಟ್ಟು ಹೋದರು. ಆ ನಗು ನನಗೆ ಚೆನ್ನಾಗಿ ಕಾಣಲಿಲ್ಲ. ತಕ್ಷಣ ಅರಿಶಿನಕುಂಟೆಗೆ ಫೋನ್ ಹಚ್ಚಿದೆ.

"ಏನೇ, ತೆನೆ ಬಿಡ್ತಾ ನಿನ್ನ ರಾಗಿ?" ಅಂದಳು. ಹಿಂದೆ ಲಾರಿಗಳ ಸದ್ದು.

"ಬಿತ್ತನೇನೆ ಆಗಿಲ್ಲ ಕಣೆ. ರಿಲೀಸ್ ಫೈಲ್ ನಾಟ್ ವ್ಯಾಲಿಡ್ ಅಂತ ಬರುತ್ತೆ. ಉಗ್ರಾಣದ ಪಟ್ಟೀನೆ ಸರಿಯಿಲ್ಲ ಅಂತೆ. ಜರ್ಮನಿವರೆಗೂ ಹೋಗಿ ಕೇಳಿದೆ."

"ಪಟ್ಟಿ ಸರಿಯಿಲ್ದೆ ಏನು, ಇಲ್ಲಿ ಹತ್ತು ಮಿಷಿನ್‌ನಲ್ಲಿ ಬೆಳಿಗ್ಗೆ ತಾನೇ ತರಿಸಿದೀನಿ. ನೀನು ಅರ್ಧ ಓದ್ತಿದ್ದೀಯ. ಇದ್ದಂಗೆ ಪೂರ್ತಿ ಓದು."

ಕನ್ನಡಕ ಹಾಕಿಕೊಂಡು ಓದಿದೆ. "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್."

"ತಡಿ. ಯೆಟ್ ಅಂದ್ಯಾ?"

"ಹೂಂ. ಕೊನೇಲಿ ಯೆಟ್ ಅಂತಿದೆ."

"ಅದನ್ನೇ ನುಂಗಿದ್ದೀಯಲ್ಲೇ. ಊರ್ಜಿತ ಇಲ್ಲ ಅಂತಲ್ಲ, ಇನ್ನೂ ಊರ್ಜಿತ ಆಗಿಲ್ಲ ಅಂತ. ಅದರ ದಿನ ಇನ್ನೂ ಬಂದಿಲ್ಲ ಅಂತ. ಲೇ, ನಿನ್ನ ಕಂಪ್ಯೂಟರಲ್ಲಿ ಇವತ್ತು ಯಾವ ತಾರೀಕು?"

"ಮಾರ್ಚ್ ಒಂದು."

ಒಂದು ಲಾರಿ ಹಾರ್ನ್ ಹೊಡೆದುಕೊಂಡು ಹೋಯಿತು. ಆಮೇಲೆ ಅವಳು ಕೇಳಿದಳು: "ಯಾವ ವರ್ಷದ ಮಾರ್ಚೇ?"

ಆಗ ನನಗೆ ಹೊಳೆಯಿತು. ಲಿನಕ್ಸ್ ಹಾಕಿದ ಕೂಡಲೇ ಅದು ಇಂಟರ್‌ನೆಟ್ ನೋಡಿ ತಾನಾಗಿಯೇ ಸರಿಯಾದ ತಾರೀಕು ಇಟ್ಟುಕೊಂಡಿತ್ತು. ನಾನು ಕೈ ತೊಳೆದು ಬಂದು ಶುರು ಮಾಡಿದ ಆ ಮೊದಲ ಕೆಲಸ ಅದನ್ನು ಅಳಿಸಿದ್ದೇ. ತಾನಾಗಿ ಸರಿಹೋಗುವ ಗುಂಡಿಯನ್ನೂ ಆರಿಸಿ ಮಾರ್ಚ್ ಒಂದಕ್ಕೆ ತಿರುಗಿಸಿದ್ದೆ. ಎರಡನೇ ಸಲ ಹಾಕಿದಾಗಲೂ ಹಾಗೇ ಮಾಡಿದ್ದೆ. ಅದು ಯೋಚಿಸಿ ಮಾಡಿದ್ದಲ್ಲ. ಬೆಳಿಗ್ಗೆ ಎದ್ದವಳು ಹೊಸಿಲಿಗೆ ನೀರು ಹಾಕುವ ಹಾಗೆ ಹತ್ತು ವರ್ಷದಿಂದ ಕೈಗೆ ಕೂತ ಕೆಲಸ. ನಾನು ಹತ್ತು ವರ್ಷ ಹಿಂದೆ ನಿಂತು ಇವತ್ತಿನ ಪಟ್ಟಿ ಕೇಳಿದರೆ, ಇದಕ್ಕೆ ಇನ್ನೂ ಮೂರು ಸಾವಿರದ ಚಿಲ್ಲರೆ ದಿನ ಇದೆಯಮ್ಮ ಎಂದು ಅದು ಪಾಪ ಲೆಕ್ಕ ಹಾಕಿಯೇ ಹೇಳುತ್ತಿತ್ತು.

"ಹೊಸ ಮನೆಗೆ ಬಂದು ಹಳೇ ಕ್ಯಾಲೆಂಡರ್ ನೇತಾಕ್ಕೊಂಡಿದ್ದೀಯಲ್ಲೇ" ಎಂದು ಗೆಳತಿ ಕೆಮ್ಮು ಬರುವವರೆಗೆ ನಕ್ಕಳು. "ಆ ಜರ್ಮನಿಯೋರ ಹತ್ರ ಹೋಗಿ ಜಗಳ ಆಡಿದ್ದೀಯ ಬೇರೆ."

ತಾರೀಕು ಸರಿಮಾಡಿದೆ. ಗುಂಡಿ ಒತ್ತುವಾಗ ಕೈ ಸ್ವಲ್ಪ ಹಿಂಜರಿಯಿತು ಎನ್ನುವುದು ನಿಜ. ಮತ್ತೆ ಪಟ್ಟಿ ಕೇಳಿದರೆ ಸಾಲುಗಳು ಸರಸರ ಓಡಿ, ಎಲ್ಲೂ ನಿಲ್ಲದೆ ಮುಗಿದವು. ಸಾಫ್ಟ್‌ವೇರ್ ಬಂದು ಕೂರುವುದಕ್ಕೆ ಅನ್ನಕ್ಕೆ ಇಟ್ಟು ಬಂದಷ್ಟು ಹೊತ್ತು. ಊಟದ ಹೊತ್ತಿಗೆ ಚೌಕಗಳ ಹಾಳೆ ಪರದೆಯ ಮೇಲಿತ್ತು.

ಶುಕ್ರವಾರವೆಲ್ಲ ಬರೆದೆ. ಹೊಸ ಸಾಫ್ಟ್‌ವೇರಿನಲ್ಲಿ ಬಣ್ಣ ತುಂಬುವುದೆಲ್ಲಿ, ತಿರುಗಿಸುವುದೆಲ್ಲಿ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಸಂಜೆ ನೇಯುವವರನ್ನು ಕರೆದು ತೋರಿಸಿದೆ. ಅವರು ಕೈಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಇದು ಕೋಳಿ ಕಾಲು."

ನಮ್ಮ ಯಜಮಾನರು ಷೆಡ್ಡಿನಿಂದ ಇಣುಕಿ, "ಸರಿಯಾಗೇ ಹೇಳಿದ ನೋಡು" ಅಂದರು.

"ನೀವು ಸುಮ್ನಿರಿ. ಹೇಳಪ್ಪ, ಹೆಂಗಿರಬೇಕು?"

ಅವರು ಬಲಗೈ ಮುಂದೆ ಹಿಡಿದು ಬೆರಳುಗಳನ್ನು ಒಳಕ್ಕೆ ಮಡಿಸಿ ತೋರಿಸಿದರು. "ಎಳೇದು ಹಿಂಗೆ ಬಿಚ್ಕೊಂಡಿರುತ್ತೆ. ಬಲಿತಂಗೆಲ್ಲ ಹಿಂಗೆ ಮುಷ್ಟಿ ಕಟ್ಟುತ್ತೆ. ನೀವು ಬರೆದಿರೋದು ಬಿಚ್ಕೊಂಡಿದೆ, ಅದಕ್ಕೇ ಕೋಳಿ." ಅವರು ಆ ಕೈಯನ್ನು ಹಾಗೇ ಹಿಡಿದುಕೊಂಡು ನಿಂತರು, ನಾನು ನೋಡಿ ನೋಡಿ ಚೌಕ ತುಂಬಿದೆ. ಒಂದೊಂದು ಬೆರಳ ತುದಿಗೆ ಎರಡು ಚೌಕ ಒಳಕ್ಕೆ ಎಳೆದ ಕೂಡಲೇ ಅದು ರಾಗಿಯಾಯಿತು.

ಶನಿವಾರ ಬೆಳಿಗ್ಗೆ ಪೆನ್‌ಡ್ರೈವ್ ಕಾರ್ಡ್ ಹೊಡೆಯುವವರ ಕೈ ಸೇರಿತು. ಇರುಮುಡಿ ಕಟ್ಟುವ ಮೊದಲು ಅವರು ಕೆಲಸ ಮುಗಿಸಿ ಕಾರ್ಡುಗಳನ್ನು ಕಳಿಸಿಕೊಟ್ಟರು. ಸೋಮವಾರ ಅವನ್ನು ಸರವಾಗಿ ಹೊಲಿದು ಮಗ್ಗದ ಮೇಲೆ ತೂಗುಹಾಕಿದ್ದಾಯಿತು. ಮಧ್ಯಾಹ್ನ ಅಪ್ಪನಿಗೆ ಬುತ್ತಿ ತಂದ ಮದುವೆ ಹುಡುಗಿ, ನಾಲ್ಕು ಬೆರಳಿನಷ್ಟು ನೇಯ್ದಿದ್ದ ಅಂಚಿನ ಮೇಲೆ ಬಗ್ಗಿದಳು.

"ಅಪ್ಪ, ಇದು ಕೊಯ್ಲಿಗೆ ಬಂದಿರೋ ರಾಗಿ" ಅಂದಳು.

"ಮತ್ತೆ ಹಸೀದು ಬೇಕಿತ್ತಾ? ಪಕ್ಕಕ್ಕೆ ಸರಿ, ದಾರ ಮುಟ್ಬೇಡ" ಎಂದು ಅವರು ಮಗ್ಗ ಚಾಲೂ ಮಾಡಿದರು. ಅವಳು ಹೋಗಲಿಲ್ಲ. ಬುತ್ತಿಯನ್ನು ಕಿಟಕಿಕಟ್ಟೆಯ ಮೇಲಿಟ್ಟು, ಇನ್ನೊಂದು ತೆನೆ ಮೂಡುವವರೆಗೂ ಅಲ್ಲೇ ನಿಂತಿದ್ದಳು.